22 ನಿಮಿಷದ ನಗು 87 ನಿಮಿಷದ ಸಿನಿಮಾ ಆಗಬೇಕಾದರೆ: ಸಿಂಪ್ಸನ್ಸ್ ಚಿತ್ರದ ಲೆಕ್ಕಾಚಾರ

ಓದುಗರ ಪ್ರಶ್ನೆ: ‘ದಿ ಸಿಂಪ್ಸನ್ಸ್’ 1989ರಿಂದ ಟಿವಿಯಲ್ಲಿ ಬರುತ್ತಿದೆ. 2007ರಲ್ಲಿ ಅದು ಸಿನಿಮಾ ಆಯಿತು. ಮನೆಯಲ್ಲಿ ಕೂತು ಬಿಟ್ಟಿಯಾಗಿ ನೋಡುವ ಕಾರ್ಟೂನ್ ಕಾಮಿಡಿಯನ್ನು ಟಿಕೆಟ್ ಕೊಟ್ಟು ನೋಡುವ ಚಿತ್ರವಾಗಿ ಮಾಡುವಾಗ ಕಥೆಯಲ್ಲಿ, ಚಿತ್ರಣದಲ್ಲಿ, ಕೆಲಸದ ಕ್ರಮದಲ್ಲಿ ಏನೇನು ಬದಲಾಗುತ್ತದೆ? ನಾಲ್ಕು ಸಂಚಿಕೆಗಳನ್ನು ಜೋಡಿಸಿದರೆ ಸಾಲದೆ? ನಾನು ಸ್ಟೋರಿಬೋರ್ಡ್ (ದೃಶ್ಯಗಳನ್ನು ಸಾಲುಚಿತ್ರಗಳಾಗಿ ಬರೆಯುವುದು) ಕಲಿಯುತ್ತಿದ್ದೇನೆ. ಕೆಲಸಕ್ಕೆ ಬರುವಂತೆ ವಿವರಿಸಿ.

ಉತ್ತರ: ಸಾಲದು. ಸಂಚಿಕೆಯೊಂದು ಸುಮಾರು 22 ನಿಮಿಷ, ನಾಲ್ಕು ಸೇರಿದರೆ 88, ಸಿಂಪ್ಸನ್ಸ್ ಚಿತ್ರದ ಅವಧಿ 87. ಲೆಕ್ಕ ಇಷ್ಟು ಚೆನ್ನಾಗಿ ಕೂಡಿಬರುವುದರಿಂದಲೇ ಅನೇಕರು ಇಲ್ಲಿ ಎಡವುತ್ತಾರೆ. ನಮ್ಮ ಧಾರಾವಾಹಿಗಳ ‘ಮಹಾಸಂಚಿಕೆ’ಯನ್ನು ನೆನೆಸಿಕೊಳ್ಳಿ. ಒಂದು ಗಂಟೆ ಓಡಿದರೂ ಅದು ಎರಡು ಸಂಚಿಕೆಗಳಷ್ಟು ಉದ್ದದ ಸಂಚಿಕೆಯೇ. ನಾಳೆ ಮತ್ತೆ ಅದೇ ಮನೆ, ಅದೇ ಜಗಳ ಇರುತ್ತದೆಂದು ನೋಡುವವರಿಗೆ ಗೊತ್ತು. ಸಿನಿಮಾಕ್ಕೆ ನಾಳೆ ಇಲ್ಲ. ಕಥೆಯಿಂದ ಹಿಡಿದು ಹಿನ್ನೆಲೆಯ ಬಣ್ಣದವರೆಗೆ ಉಳಿದ ಬದಲಾವಣೆಗಳೆಲ್ಲ ಈ ಒಂದು ವ್ಯತ್ಯಾಸದಿಂದ ಹುಟ್ಟುತ್ತವೆ.

ಟಿವಿಯ ಹಾಸ್ಯ ನಿಂತಿರುವುದು ಯಥಾಸ್ಥಿತಿಯ ಮೇಲೆ. ಸಿಂಪ್ಸನ್ ಕುಟುಂಬದ ಅಪ್ಪ ಹೋಮರ್ ಕೆಲಸ ಕಳೆದುಕೊಂಡರೆ ಮುಂದಿನ ವಾರ ಅದೇ ಅಣುಸ್ಥಾವರದ ಅದೇ ಕುರ್ಚಿಯಲ್ಲಿರುತ್ತಾನೆ. ಅವನ ಮಗ ಬಾರ್ಟ್‌ಗೆ ಎಂದೆಂದಿಗೂ ಹತ್ತು ವರ್ಷ. ಇದನ್ನು ದೌರ್ಬಲ್ಯ ಎನ್ನಬೇಡಿ. 2007ರ ಮೇ ತಿಂಗಳಲ್ಲಿ ಆ ಸರಣಿ 400ನೇ ಸಂಚಿಕೆ ಮುಟ್ಟಿದ್ದರೆ ಅದಕ್ಕೆ ಈ ನಿಯಮವೇ ಕಾರಣ. ಯಾವ ಸಂಚಿಕೆಯಿಂದ ನೋಡಲು ಶುರುಮಾಡಿದರೂ ಅರ್ಥವಾಗುತ್ತದೆ. ಆದರೆ ಚಿತ್ರಮಂದಿರದಲ್ಲಿ ಇದೇ ನಿಯಮ ತಿರುಗಿ ಹೊಡೆಯುತ್ತದೆ. ‘ಕೊನೆಗೆ ಎಲ್ಲ ಸರಿಹೋಗುತ್ತದೆ’ ಎಂಬ ಭರವಸೆ 22 ನಿಮಿಷಕ್ಕೆ ನೆಮ್ಮದಿ, 87 ನಿಮಿಷಕ್ಕೆ ಬೇಸರ. ನಲವತ್ತನೇ ನಿಮಿಷದ ಹೊತ್ತಿಗೆ ಜೋಕ್ ಎಷ್ಟೇ ಚೆನ್ನಾಗಿದ್ದರೂ ಜನ ಕುರ್ಚಿಯಲ್ಲಿ ಹೊರಳಾಡತೊಡಗುತ್ತಾರೆ. ಹಾಗಾಗಿ ಬರಹಗಾರರ ಮೊದಲ ಕೆಲಸ, ಮುಂದಿನ ವಾರ ಅಳಿಸಿಹಾಕಲಾಗದಂಥ ಒಂದು ತೊಂದರೆಯನ್ನು ಹುಡುಕುವುದು.

ಸಿಂಪ್ಸನ್ಸ್ ತಂಡ ಹುಡುಕಿದ್ದು ಹೀಗಿತ್ತು. ಹೋಮರ್ ಒಂದು ಹಂದಿಯನ್ನು ಮನೆಗೆ ತರುತ್ತಾನೆ, ಅದರ ಹೊಲಸನ್ನು ಒಂದು ಪೀಪಾಯಿಯಲ್ಲಿ ಕೂಡಿಡುತ್ತಾನೆ, ಬಿಟ್ಟಿ ಡೋನಟ್ ಸಿಗುತ್ತದೆಂಬ ಅವಸರದಲ್ಲಿ ಅದನ್ನು ಊರಿನ ಕೆರೆಗೆ ಸುರಿಯುತ್ತಾನೆ. ಪರಿಸರ ಇಲಾಖೆ ಇಡೀ ಸ್ಪ್ರಿಂಗ್‌ಫೀಲ್ಡ್‌ನ ಮೇಲೆ ಗಾಜಿನ ಗುಮ್ಮಟ ಕವುಚುತ್ತದೆ. ತಪ್ಪು ಯಾರದೆಂದು ತಿಳಿದ ಊರು ಆ ಕುಟುಂಬವನ್ನು ಅಟ್ಟಾಡಿಸುತ್ತದೆ, ಅವರು ಅಲಾಸ್ಕಾಕ್ಕೆ ಓಡುತ್ತಾರೆ. ಕಣ್ಣಿಗೆ ಕಾಣುವ ತೊಂದರೆ ಗುಮ್ಮಟ. ಚಿತ್ರವನ್ನು ಹೊತ್ತು ನಿಲ್ಲಿಸಿರುವ ತೊಂದರೆ ಬೇರೆ. ಊರನ್ನು ಉಳಿಸಲು ಹೋಮರ್ ಒಪ್ಪದಿದ್ದಾಗ ಹೆಂಡತಿ ಮಾರ್ಜ್ ಮಕ್ಕಳೊಂದಿಗೆ ಮನೆಬಿಟ್ಟು ಹೋಗುತ್ತಾಳೆ. ಹೋಗುವ ಮುನ್ನ ವಿಡಿಯೋ ಟೇಪಿನಲ್ಲಿ ವಿದಾಯ ಹೇಳಿರುತ್ತಾಳೆ, ಅದೂ ತಮ್ಮ ಮದುವೆಯ ಟೇಪಿನ ಮೇಲೆಯೇ. ಈ ದಂಪತಿ ಟಿವಿಯಲ್ಲಿ ಎಷ್ಟೋ ಸಲ ಮುನಿಸಿಕೊಂಡು ಒಂದಾಗಿದ್ದಾರೆ. ಅದು ಗೊತ್ತಿರುವ ಪ್ರೇಕ್ಷಕನೂ ಇಲ್ಲಿ ಬೆಚ್ಚುತ್ತಾನೆ, ಏಕೆಂದರೆ ಮದುವೆಯ ದೃಶ್ಯ ಅಳಿಸಿಹೋಯಿತು, ಅದು ಇನ್ನು ಬರುವುದಿಲ್ಲ. ಆ ಒಂದು ಮಾತಿಗಾಗಿ ಮಾರ್ಜ್‌ಗೆ ದನಿ ಕೊಡುವ ಜೂಲಿ ಕಾವ್ನರ್ ನೂರಕ್ಕೂ ಹೆಚ್ಚು ಟೇಕ್ ಕೊಟ್ಟರು. ಅಷ್ಟು ಶ್ರಮ ಬಿದ್ದಿದ್ದು ಹಾಸ್ಯದ ಸಾಲಿಗಲ್ಲ ಎಂಬುದನ್ನು ಗಮನಿಸಿ. ಆ ದೃಶ್ಯ ಹಗುರಾಗಿದ್ದರೆ ಮುಂದಿನ ಅರ್ಧ ಗಂಟೆಯ ಸಾಹಸವೆಲ್ಲ ಬರೀ ಓಡಾಟವಾಗುತ್ತಿತ್ತು.

ಸೋತ ಉದಾಹರಣೆಯೂ ಇದೇ ತಂಡದಲ್ಲಿದೆ. 1992ರ ಸೆಪ್ಟೆಂಬರಿನಲ್ಲಿ ಪ್ರಸಾರವಾದ, ಮಕ್ಕಳು ಬೇಸಿಗೆ ಶಿಬಿರಕ್ಕೆ ಹೋಗುವ ಸಂಚಿಕೆಯನ್ನು ಸಿನಿಮಾ ಮಾಡೋಣವೆಂದು ನಿರ್ಮಾಪಕ ಜೇಮ್ಸ್ ಎಲ್. ಬ್ರೂಕ್ಸ್ ಸೂಚಿಸಿದ್ದರು. ಎಳೆ ಚೆನ್ನಾಗಿತ್ತು: ದುಷ್ಟ ಶಿಬಿರ, ಮಕ್ಕಳ ದಂಗೆ. ಆದರೆ ಬರೆಯುತ್ತ ಹೋದಾಗ ಅದು ಒಂದು ಸಂಚಿಕೆಯ ಉದ್ದಕ್ಕೇ ಸಾಲದೆ, ಅವಧಿ ತುಂಬಿಸಲು ಹಾಡನ್ನು ಎಳೆಯಬೇಕಾಯಿತು. ಅಲ್ಲದೆ ಅದನ್ನು ಸಿನಿಮಾಕ್ಕೆ ಎತ್ತಿಟ್ಟರೆ ಆ ಸೀಸನ್‌ಗೆ ಮೊದಲ ಸಂಚಿಕೆಯೇ ಇರುತ್ತಿರಲಿಲ್ಲ. ‘ಸನ್ನಿವೇಶ’ವನ್ನು ‘ಕಥೆ’ ಎಂದುಕೊಂಡರೆ ಆಗುವುದು ಇದೇ. ಶಿಬಿರ ಒಂದು ಸನ್ನಿವೇಶ. ಅಲ್ಲಿ ಯಾರೂ ತಮ್ಮದೇ ತಪ್ಪಿಗೆ ಬೆಲೆ ತೆರುತ್ತಿಲ್ಲ. ಕೆರೆಯ ಕಥೆಯಲ್ಲಿ ಹೋಮರ್ ತೆರುತ್ತಾನೆ.

ನಿಮ್ಮ ಎಳೆಗೆ ಸಿನಿಮಾದ ತಾಕತ್ತಿದೆಯೇ ಎಂದು ನೋಡಲು ಅದನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಆ ವಾಕ್ಯದಲ್ಲಿ ಮುಖ್ಯ ಪಾತ್ರದ ಒಂದು ಬಯಕೆ, ಅವನೇ ಮಾಡಿದ ಒಂದು ತಪ್ಪು, ಸರಿಪಡಿಸದಿದ್ದರೆ ಶಾಶ್ವತವಾಗಿ ಹೋಗುವ ಒಂದು ವಸ್ತು ಅಥವಾ ಸಂಬಂಧ, ಈ ಮೂರೂ ಇರಬೇಕು. ಆಮೇಲೆ ಒಂದು ಪುಟದಲ್ಲಿ ಎಂಟು ಘಟ್ಟಗಳನ್ನು ಬರೆಯಿರಿ. ಒಂದೊಂದು ಘಟ್ಟ ಹತ್ತು, ಹನ್ನೊಂದು ನಿಮಿಷದ್ದು. ಪ್ರತಿ ಘಟ್ಟದ ಕೊನೆಗೆ ಪಾತ್ರ ಹಿಂದಿರುಗಲಾಗದ ಒಂದು ಹೆಜ್ಜೆ ಇಟ್ಟಿರಬೇಕು. ಯಾವುದಾದರೂ ಎರಡು ಘಟ್ಟಗಳನ್ನು ಅದಲುಬದಲು ಮಾಡಿದರೂ ಕಥೆ ನಡೆಯುತ್ತದೆ ಎಂದಾದರೆ ನೀವು ಬರೆದಿರುವುದು ಸಂಚಿಕೆಗಳ ಸರಮಾಲೆ.

ಇನ್ನೊಂದು ಹಳೆಯ ಅಭ್ಯಾಸ ಇಲ್ಲಿ ಬಿಡಬೇಕು. ಟಿವಿಯಲ್ಲಿ ಜಾಹೀರಾತಿಗೆ ಮುನ್ನ ಒಂದು ಏಟು ಕೊಡುವುದು ಬರಹಗಾರರ ಕೈಗೆ ಕೂತಿರುತ್ತದೆ. ಏಳೆಂಟು ನಿಮಿಷಕ್ಕೊಮ್ಮೆ ಸಣ್ಣ ಶಿಖರ. ಚಿತ್ರಮಂದಿರದಲ್ಲಿ ಜಾಹೀರಾತಿನ ಬಿಡುವಿಲ್ಲದೆ ಈ ಶಿಖರಗಳು ಒಂದರ ಹಿಂದೊಂದು ಬಂದರೆ ಪ್ರೇಕ್ಷಕ ದಣಿಯುತ್ತಾನೆ. ಆದರೆ ನಮ್ಮಲ್ಲಿ ಇಂಟರ್‌ವಲ್ ಇದೆ. ಹಾಲಿವುಡ್ ಚಿತ್ರವನ್ನು ನಮ್ಮ ಚಿತ್ರಮಂದಿರದವರು ನಡುವೆ ಎಲ್ಲೋ ಒಂದು ಕಡೆ ಕತ್ತರಿಸುತ್ತಾರೆ, ಅದಕ್ಕಾಗಿ ಬರೆದ ಜಾಗ ಅದರಲ್ಲಿರುವುದಿಲ್ಲ. ನೀವು ಮುಂದೆ ಕನ್ನಡಕ್ಕಾಗಿ ಬರೆದರೆ ನಾಲ್ಕನೇ ಘಟ್ಟದ ಕೊನೆಯನ್ನು ಇಂಟರ್‌ವಲ್‌ಗೆಂದೇ ಕಟ್ಟಿ.

ಹೂಡುವುದು ಮತ್ತು ಕೊಯ್ಯುವುದರ ನಡುವಿನ ಅಂತರವೂ ಹೆಚ್ಚುತ್ತದೆ. ಸಂಚಿಕೆಯಲ್ಲಿ ಎರಡನೇ ನಿಮಿಷದಲ್ಲಿ ಕಂಡ ವಸ್ತು ಹದಿನೈದನೇ ನಿಮಿಷದಲ್ಲಿ ಉಪಯೋಗಕ್ಕೆ ಬಂದರೆ ಜನರಿಗೆ ನೆನಪಿರುತ್ತದೆ. ಚಿತ್ರದಲ್ಲಿ ಆ ಅಂತರ ಒಂದು ಗಂಟೆಯೂ ಆಗಬಹುದು. ಸಿಂಪ್ಸನ್ಸ್ ತಂಡ ಇದಕ್ಕೆ ಬಳಸಿದ ಉಪಾಯ ಸರಳ: ಬೀಜಗಳನ್ನೆಲ್ಲ ಜೋಕಿನ ರೂಪದಲ್ಲಿ ಬಿತ್ತುವುದು. ಚರ್ಚಿನಲ್ಲಿ ಅಜ್ಜ ಮೈಮೇಲೆ ಬಂದವನಂತೆ ನೆಲದ ಮೇಲೆ ಹೊರಳಾಡಿ ತಿರುಚಿದ ಬಾಲ, ಸಾವಿರ ಕಣ್ಣು, ಎಂದೆಂದಿಗೂ ಸೆರೆ ಎಂದು ಕಿರುಚುತ್ತಾನೆ. ಹಂದಿ, ವಿಷದ ನೀರಿನಿಂದ ವಿಕಾರಗೊಂಡ ಅಳಿಲು, ಗುಮ್ಮಟ ಒಂದೊಂದಾಗಿ ಬರುತ್ತವೆ. ಮಗು ಮ್ಯಾಗಿ ಆಟದ ಮರಳಿನಲ್ಲಿ ಕಂಡುಕೊಂಡ ಗುಂಡಿಯೇ ಗುಮ್ಮಟದಿಂದ ತಪ್ಪಿಸಿಕೊಳ್ಳುವ ದಾರಿ. ಅಲಾಸ್ಕಾಕ್ಕೆ ಹೋಗುವ ಮುನ್ನ ಒಂದು ಜಾತ್ರೆಯಲ್ಲಿ ಹೋಮರ್ ಗೋಳದ ಪಂಜರದೊಳಗೆ ಬೈಕ್ ಓಡಿಸಿ ಟ್ರಕ್ ಗೆಲ್ಲುತ್ತಾನೆ, ಕೊನೆಗೆ ಅದೇ ವಿದ್ಯೆಯಿಂದ ಗುಮ್ಮಟದ ಒಳಮೈ ಏರುತ್ತಾನೆ. ನಕ್ಕ ಕ್ಷಣ ನೆನಪಿನಲ್ಲಿ ಉಳಿಯುತ್ತದೆ, ವಿವರಣೆ ಉಳಿಯುವುದಿಲ್ಲ. ನಿಮ್ಮ ಬೋರ್ಡಿನಲ್ಲಿ ಇಂಥ ಬೀಜದ ದೃಶ್ಯಗಳಿಗೆ ಬೇರೆ ಬಣ್ಣದ ಗುರುತು ಹಾಕಿಡಿ. ಎಡಿಟಿಂಗ್‌ನಲ್ಲಿ ‘ಇದು ಬರೀ ಜೋಕು’ ಎಂದು ಕತ್ತರಿಸಿಬಿಟ್ಟರೆ ಕೊನೆಯ ದೃಶ್ಯಕ್ಕೆ ಕಾಲೇ ಇರುವುದಿಲ್ಲ.

ಪಾತ್ರಗಳ ವಿಷಯದಲ್ಲಿ ಅಭಿಮಾನಿಗಳ ಒತ್ತಡ ದೊಡ್ಡದು. ಹದಿನೆಂಟು ಸೀಸನ್‌ಗಳಲ್ಲಿ ಒಂದು ಊರಿಗೆ ಸಾಕಾಗುವಷ್ಟು ಪಾತ್ರಗಳು ಸೇರಿಕೊಂಡಿರುತ್ತವೆ, ಪ್ರತಿಯೊಂದಕ್ಕೂ ಅಭಿಮಾನಿಗಳಿರುತ್ತಾರೆ. 2007ರ ಚಿತ್ರದಲ್ಲಿ 320ಕ್ಕೂ ಹೆಚ್ಚು ಪಾತ್ರಗಳು ಕಾಣಿಸುತ್ತವೆ, 98 ಪಾತ್ರಗಳಿಗೆ ಮಾತಿದೆ. ಆದರೂ ಕಥೆಯ ಭಾರ ಹೊತ್ತವರು ಬೆರಳೆಣಿಕೆಯಷ್ಟು. ಟಿವಿಯ ಖ್ಯಾತ ಖಳ ಬರ್ನ್ಸ್ ಇಲ್ಲಿ ಬಂದು ಹೋಗುತ್ತಾನೆ ಅಷ್ಟೇ. ಪಕ್ಕದ ಮನೆಯ ಫ್ಲಾಂಡರ್ಸ್‌ಗೆ ದೊಡ್ಡ ಜಾಗ ಸಿಕ್ಕಿದೆ, ಏಕೆಂದರೆ ಅಪ್ಪನ ಮೇಲೆ ಬೇಸತ್ತ ಬಾರ್ಟ್ ಅವನಲ್ಲಿ ಇನ್ನೊಬ್ಬ ಅಪ್ಪನನ್ನು ಕಾಣುತ್ತಾನೆ. ಹೋಮರ್ ಕಳೆದುಕೊಳ್ಳಬಹುದಾದದ್ದನ್ನು ಅದು ಎದುರಿಗೆ ತಂದು ನಿಲ್ಲಿಸುತ್ತದೆ. ಪಾತ್ರಗಳನ್ನು ಆರಿಸುವ ಸೂತ್ರ ಇದೇ ಆಗಬೇಕು: ನಾಯಕನ ತಪ್ಪಿಗೆ ಹತ್ತಿರ ಇರುವವರು ಮುಂದೆ, ಉಳಿದವರು ಜನಜಂಗುಳಿಯಲ್ಲಿ. ಬರ್ನ್ಸ್‌ನನ್ನು ಹಿಂದೆ ಇಟ್ಟದ್ದು ಸರಿಯಾದ ನಿರ್ಧಾರ ಎಂದೇ ನನ್ನ ಅಭಿಪ್ರಾಯ. ಅವನು ಮುಂದೆ ಬಂದಿದ್ದರೆ ತಪ್ಪು ಅವನದಾಗಿ ಹೋಮರ್ ಪಾರಾಗುತ್ತಿದ್ದ.

ಖಳನ ಆಯ್ಕೆಯಲ್ಲೂ ಇಂಥದೇ ವಿವೇಕವಿದೆ. ಪರಿಸರ ಇಲಾಖೆಯ ಮುಖ್ಯಸ್ಥ ರಸ್ ಕಾರ್ಗಿಲ್‌ಗೆ ದನಿ ಕೊಟ್ಟವರು ಆಲ್ಬರ್ಟ್ ಬ್ರೂಕ್ಸ್. ಅವರೇ ಹಿಂದೆ ಸರಣಿಯ ಒಂದು ಜನಪ್ರಿಯ ಸಂಚಿಕೆಯಲ್ಲಿ ಹ್ಯಾಂಕ್ ಸ್ಕಾರ್ಪಿಯೊ ಎಂಬ ಖಳನಾಗಿದ್ದರು. ಅದೇ ಪಾತ್ರವನ್ನು ಮರಳಿ ತರುವ ಯೋಚನೆ ಇತ್ತು, ಕೊನೆಗೆ ಹೊಸ ಪಾತ್ರ ಬರೆದರು. ಹಳೆಯ ಪಾತ್ರ ಬಂದರೆ ಅಭಿಮಾನಿ ಚಪ್ಪಾಳೆ ತಟ್ಟುತ್ತಾನೆ, ಹೊಸಬ ಪಕ್ಕದವನನ್ನು ‘ಇವನ್ಯಾರು?’ ಎಂದು ಕೇಳುತ್ತಾನೆ. ಹಳೆಯ ಸಂಚಿಕೆಯ ಉಲ್ಲೇಖಗಳು ಚಿತ್ರದಲ್ಲಿರಲಿ, ಆದರೆ ಗೊತ್ತಿಲ್ಲದವನಿಗೆ ಅದು ಉಲ್ಲೇಖ ಎಂಬ ಸುಳಿವೂ ಸಿಗಬಾರದು.

ಜಪಾನಿನವರು ಈ ಸಮಸ್ಯೆಯನ್ನು ಬೇರೆ ದಾರಿಯಲ್ಲಿ ಬಿಡಿಸಿದ್ದಾರೆ. ನಮ್ಮ ಮಕ್ಕಳಿಗೂ ಚೆನ್ನಾಗಿ ಗೊತ್ತಿರುವ ಡೋರೇಮಾನ್ 1980ರಿಂದ ಹೆಚ್ಚುಕಡಿಮೆ ವರ್ಷಕ್ಕೊಂದರಂತೆ ಸಿನಿಮಾ ಆಗುತ್ತಿದೆ, ಶಿನ್‌ಚಾನ್ 1993ರಿಂದ. ಅಲ್ಲಿ ಪಾತ್ರಗಳನ್ನು ಬದಲಿಸುವುದಿಲ್ಲ, ಜಾಗ ಬದಲಿಸುತ್ತಾರೆ: ಬೀದಿಯ ಖಾಲಿ ಮೈದಾನದಿಂದ ಡೈನೋಸಾರ್ ಕಾಲಕ್ಕೆ, ಸಮುದ್ರದಾಳಕ್ಕೆ. ಟಿವಿಯಲ್ಲಿ ನೋಬಿತಾನನ್ನು ಗೋಳುಹೊಯ್ದುಕೊಳ್ಳುವ ಜಿಯಾನ್ ಸಿನಿಮಾದಲ್ಲಿ ಅವನಿಗಾಗಿ ಪ್ರಾಣಕ್ಕೂ ಹೆದರದ ಗೆಳೆಯನಾಗುತ್ತಾನೆ. ಜಪಾನಿನ ಅಭಿಮಾನಿಗಳಲ್ಲಿ ಈ ‘ಸಿನಿಮಾದ ಜಿಯಾನ್’ ಮನೆಮಾತು. ಮುಂದಿನ ವಾರ ಟಿವಿಯಲ್ಲಿ ಅವನು ಮತ್ತೆ ಪುಂಡನೇ. ಎರಡೂ ನಿಜವೆನಿಸುತ್ತದೆ, ಏಕೆಂದರೆ ಅಪಾಯದ ಪ್ರಮಾಣ ಬದಲಾದಾಗ ಮನುಷ್ಯನ ಇನ್ನೊಂದು ಮುಖ ಕಾಣುವುದು ಸಹಜ. ಪಾತ್ರಕ್ಕೆ ಹೊಸ ಗುಣ ಅಂಟಿಸಬೇಕಿಲ್ಲ.

‘ಬಿಟ್ಟಿ ಸಿಗುವುದಕ್ಕೆ ದುಡ್ಡೇಕೆ?’ ಎಂಬ ನಿಮ್ಮ ಪ್ರಶ್ನೆಯನ್ನು ಆ ಚಿತ್ರವೇ ತನ್ನ ಆರಂಭದಲ್ಲಿ ಎತ್ತುತ್ತದೆ. ಚಿತ್ರಮಂದಿರದಲ್ಲಿ ಕೂತ ಹೋಮರ್ ಎದ್ದು ನಿಂತು, ಮನೆಯಲ್ಲಿ ಪುಕ್ಕಟೆ ಸಿಗುವುದಕ್ಕೆ ಹಣ ತೆತ್ತವರೆಲ್ಲ ಮೂರ್ಖರೆಂದು ಕೂಗುತ್ತಾನೆ. ಪ್ರೇಕ್ಷಕನ ಮನಸ್ಸಿನ ಆಕ್ಷೇಪವನ್ನು ಮೊದಲ ನಿಮಿಷಗಳಲ್ಲೇ ಎತ್ತಿಕೊಂಡದ್ದು ಜಾಣತನ, ಆದರೆ ಅಷ್ಟಕ್ಕೇ ಸಾಲ ತೀರುವುದಿಲ್ಲ. ಟಿವಿ ಕೊಡಲಾಗದ್ದನ್ನು ಕೊಡಲೇಬೇಕು. 1999ರ ‘ಸೌತ್ ಪಾರ್ಕ್’ ಚಿತ್ರ ಈ ವಿಷಯದಲ್ಲಿ ಅತ್ಯಂತ ಸ್ಪಷ್ಟವಾಗಿದೆ. ಟಿವಿಯಲ್ಲಿ ಬೀಪ್ ಬೀಳುತ್ತಿದ್ದ ಬೈಗುಳಗಳು ಅಲ್ಲಿ ಬಿಚ್ಚಿ ಬರುತ್ತವೆ. ಅದಕ್ಕಿಂತ ಮುಖ್ಯವಾಗಿ ಕಥೆಯೇ ಬೈಗುಳದ್ದು: ದೊಡ್ಡವರ ಸಿನಿಮಾ ನೋಡಿ ಬೈಯಲು ಕಲಿತ ಹುಡುಗರು, ಅದಕ್ಕೆ ಕೆನಡಾದ ಮೇಲೆ ಯುದ್ಧಕ್ಕೆ ನಿಲ್ಲುವ ಅಮ್ಮಂದಿರು. ಜೊತೆಗೆ ಅದು ಸಂಪೂರ್ಣ ಸಂಗೀತ ಚಿತ್ರ, ಒಂದು ಹಾಡು ಆಸ್ಕರ್ ನಾಮನಿರ್ದೇಶನವನ್ನೂ ಪಡೆಯಿತು. ಸಡಿಲವಾದ ಕಡಿವಾಣವನ್ನು ಕಥೆಗೆ ಸೇರಿಸದೆ ಬರೀ ಸ್ವಾತಂತ್ರ್ಯವಾಗಿ ಬಳಸಿದ್ದರೆ ಹತ್ತು ನಿಮಿಷದಲ್ಲಿ ಅದು ಹಳಸುತ್ತಿತ್ತು.

ಈಗ ಜೋಕಿನ ಸಮಯಪಾಲನೆಗೆ ಬರೋಣ. ಟಿವಿಯಲ್ಲಿ ಒಂದು ಜೋಕಿನ ಬಾಲ ಹಿಡಿದು ಇನ್ನೊಂದು ಬರುತ್ತದೆ, ಏಕೆಂದರೆ ಮನೆಯಲ್ಲಿ ಇಬ್ಬರೋ ಮೂವರೋ ನಗುತ್ತಾರೆ. ಮುನ್ನೂರು ಜನ ಒಟ್ಟಿಗೆ ನಕ್ಕರೆ ಮುಂದಿನ ಸಾಲು ಕೇಳಿಸುವುದಿಲ್ಲ. ಹಾಗೆಂದು ಪ್ರತಿ ಜೋಕಿನ ನಂತರ ಎರಡು ಸೆಕೆಂಡ್ ಸುಮ್ಮನೆ ಬಿಟ್ಟರೆ ಅರ್ಧ ಖಾಲಿ ಇರುವ ಮಧ್ಯಾಹ್ನದ ಆಟದಲ್ಲಿ ಆ ಮೌನ ಅಸಹ್ಯವಾಗುತ್ತದೆ. ಪರಿಹಾರ ಬೋರ್ಡಿನಲ್ಲೇ ಇದೆ: ದೊಡ್ಡ ನಗು ನಿರೀಕ್ಷಿಸುವ ಕಡೆ ಮಾತಿನ ನಂತರ ಒಂದೂವರೆ, ಎರಡು ಸೆಕೆಂಡಿನ ಮೂಕ ಕ್ರಿಯೆ ಇಡಿ. ಯಾರಾದರೂ ತಿರುಗಿ ನೋಡುವುದು, ಬಾಗಿಲು ಮುಚ್ಚುವುದು, ಹಿನ್ನೆಲೆಯಲ್ಲಿ ಏನೋ ಬೀಳುವುದು. ನಗುವವರಿಗೆ ಬಿಡುವು, ನಗದವರಿಗೆ ನೋಡಲು ಕೆಲಸ. ಕಥೆಗೆ ಬೇಕಾದ ಮಾಹಿತಿಯನ್ನು ದೊಡ್ಡ ನಗುವಿನ ಬೆನ್ನಿಗೆ ಎಂದೂ ಹಾಕಬೇಡಿ.

ಕೆಲಸದ ಕ್ರಮ ಹೀಗೆ ಸಾಗುತ್ತದೆ: ಚಿತ್ರಕಥೆ, ಕಲಾವಿದರೆಲ್ಲ ಕೂತು ಓದುವ ವಾಚನ, ದನಿ ಮುದ್ರಣ, ಸ್ಟೋರಿಬೋರ್ಡ್, ಬೋರ್ಡನ್ನು ದನಿಗೆ ಕೂಡಿಸಿದ ಅನಿಮ್ಯಾಟಿಕ್, ಚೌಕಟ್ಟಿನಲ್ಲಿ ಪಾತ್ರ ಮತ್ತು ಹಿನ್ನೆಲೆಯ ಜಾಗ ಗೊತ್ತುಮಾಡುವ ಲೇಔಟ್, ಮುಖ್ಯ ಚಿತ್ರಗಳು, ನಡುವಿನ ಚಿತ್ರಗಳು, ಬಣ್ಣ, ಪದರಗಳನ್ನು ಒಂದೇ ಚಿತ್ರವಾಗಿ ಕೂಡಿಸುವ ಕಾಂಪೋಸಿಟಿಂಗ್, ತಿದ್ದುಪಡಿ. ಸಿಂಪ್ಸನ್ಸ್ ಚಿತ್ರದ ಬರವಣಿಗೆ 2003ರಲ್ಲಿ ಶುರುವಾಯಿತು, ಮೊದಲ ವಾಚನ 2005ರ ಮೇನಲ್ಲಿ, ಸ್ಟೋರಿಬೋರ್ಡ್ ಮತ್ತು ಅನಿಮೇಷನ್ 2006ರ ಜನವರಿಯಲ್ಲಿ, ಬಿಡುಗಡೆ 2007ರ ಜುಲೈ 27ಕ್ಕೆ. ಹನ್ನೊಂದು ಜನರ ಹೆಸರು ಚಿತ್ರಕಥೆಗೆ ಸೇರಿದೆ, ಕರಡು ನೂರು ದಾಟಿತ್ತು. ಪೋರ್ಟ್‌ಲ್ಯಾಂಡ್ ಮತ್ತು ಫೀನಿಕ್ಸ್‌ನಲ್ಲಿ ಪರೀಕ್ಷಾ ಪ್ರದರ್ಶನಗಳಾದವು. ಟ್ರೇಲರಿನಲ್ಲಿ ಕಂಡ ಕೆಲವು ದೃಶ್ಯಗಳು ಚಿತ್ರದಲ್ಲಿ ಇಲ್ಲವೇ ಇಲ್ಲ, ಹೆಸರುವಾಸಿ ಅತಿಥಿ ಕಲಾವಿದರ ದನಿಗಳೂ ಕತ್ತರಿಗೆ ಸಿಕ್ಕವು.

ಇಷ್ಟು ತಿದ್ದುವುದರಲ್ಲಿ ಒಂದು ಅಪಾಯವಿದೆ. ಒಂದೇ ಜೋಕನ್ನು ಐವತ್ತು ಸಲ ಕೇಳಿದ ತಂಡಕ್ಕೆ ಅದು ಸಪ್ಪೆಯೆನಿಸುತ್ತದೆ, ಬದಲಿಸುತ್ತಾರೆ. ಹೊಸದು ಹಳೆಯದಕ್ಕಿಂತ ಚೆನ್ನಾಗಿರಬೇಕೆಂದಿಲ್ಲ, ಹೊಸದಾಗಿದೆ ಅಷ್ಟೇ. ಹಾಗಾಗಿ ಮೊದಲ ವಾಚನದಲ್ಲಿ ಎಲ್ಲೆಲ್ಲಿ ನಗು ಬಂತು ಎಂಬುದನ್ನು ಚಿತ್ರಕಥೆಯ ಅಂಚಿನಲ್ಲಿ ಗುರುತು ಹಾಕಿಟ್ಟುಕೊಳ್ಳಬೇಕು. ಅಲ್ಲಿ ಗೆದ್ದ ಜೋಕನ್ನು ತೆಗೆಯಬೇಕಾದರೆ ಕಥೆಯ ಕಾರಣ ಇರಬೇಕು, ಬೇಸರ ಕಾರಣವಾಗಬಾರದು. ಪ್ರತಿ ಸುತ್ತಿಗೂ ಹಿಂದಿನದನ್ನು ನೋಡಿರದ ಕೆಲವರನ್ನು ಕೂರಿಸಿ.

ತಿದ್ದುಪಡಿಯ ಬೆಲೆ ಹಂತಹಂತಕ್ಕೂ ಏರುತ್ತದೆ. ಕಾಗದದ ಮೇಲೆ ಒಂದು ಸಾಲು ಬದಲಿಸಲು ಒಂದು ನಿಮಿಷ ಸಾಕು. ಅನಿಮ್ಯಾಟಿಕ್‌ನಲ್ಲಿ ದನಿಯನ್ನೂ ಬೋರ್ಡನ್ನೂ ಮತ್ತೆ ಮಾಡಬೇಕು. ಬಣ್ಣ ತುಂಬಿದ ಮೇಲೆ ಬದಲಿಸಿದರೆ ಲೇಔಟ್‌ನಿಂದ ಮತ್ತೆ ಶುರು. ಈ ಚಿತ್ರದ ಕೆಲಸ ಅಮೆರಿಕದ ಫಿಲ್ಮ್ ರೋಮನ್, ರಫ್ ಡ್ರಾಫ್ಟ್ ಮತ್ತು ದಕ್ಷಿಣ ಕೊರಿಯಾದ ಸ್ಟುಡಿಯೋಗಳ ನಡುವೆ ಹಂಚಿಹೋಗಿತ್ತು. ಅಂಥ ವ್ಯವಸ್ಥೆಯಲ್ಲಿ ತಡವಾಗಿ ಬಂದ ಒಂದು ಬದಲಾವಣೆ ಎರಡು ದೇಶಗಳ ವೇಳಾಪಟ್ಟಿಯನ್ನು ಅಲುಗಿಸುತ್ತದೆ. ಬಾಯಿ ಕಾಣದಂತೆ ಬೋರ್ಡ್ ಮಾಡಿದ ಶಾಟ್‌ಗಳು ಆಗ ಕೈಹಿಡಿಯುತ್ತವೆ: ಬೆನ್ನು, ದೂರದ ಶಾಟ್, ಕೇಳುವವನ ಮುಖ. ಮಾತು ಬದಲಾಗುವ ಸಂಭವವಿರುವ ಕಡೆ ಇಂಥದ್ದನ್ನು ಬೇಕೆಂದೇ ಇಡಿ.

ಚಿತ್ರಣದ ವಿಷಯ ನಿಮಗೆ ಹೆಚ್ಚು ಬೇಕಾದದ್ದು. ಆಗ ಸರಣಿ ಪ್ರಸಾರವಾಗುತ್ತಿದ್ದದ್ದು 4:3 ಅನುಪಾತದಲ್ಲಿ, ಅಗಲದ ಟಿವಿ ಚೌಕಟ್ಟಿಗೆ ಬದಲಾದದ್ದು 2009ರ ಫೆಬ್ರುವರಿಯಲ್ಲಿ. ಚಿತ್ರ ಮಾತ್ರ ಸ್ಕೋಪ್, ಅಂದರೆ ಸುಮಾರು 2.39:1. ಪಾತ್ರದ ಎತ್ತರ ಅಷ್ಟೇ ಇಟ್ಟರೆ ಚೌಕಟ್ಟಿನ ಅಗಲ 1.8 ಪಟ್ಟು. ಮಾರ್ಜ್‌ಳ ನೀಲಿ ಗೋಪುರದ ಕೂದಲು 4:3ರಲ್ಲಿ ಹಾಯಾಗಿ ಕೂರುತ್ತದೆ. ಸ್ಕೋಪ್‌ನಲ್ಲಿ ಕೂದಲು ಪೂರ್ತಿ ಕಾಣಬೇಕೆಂದರೆ ಮುಖ ಚಿಕ್ಕದಾಗಿ ಎರಡೂ ಬದಿ ಬಯಲಾಗುತ್ತದೆ, ಮುಖ ದೊಡ್ಡದಾಗಬೇಕೆಂದರೆ ಕೂದಲು ತುಂಡಾಗುತ್ತದೆ. ಇಂಥ ಪಾತ್ರಗಳನ್ನು ಮಧ್ಯದಲ್ಲಿ ನೆಟ್ಟಗೆ ನಿಲ್ಲಿಸದೆ ಒಂದು ಬದಿಗೆ ಸರಿಸಿ, ಉಳಿದ ಅಗಲಕ್ಕೆ ಇನ್ನೊಬ್ಬರನ್ನೋ ಮನೆಯ ಆಳವನ್ನೋ ತನ್ನಿ. ಸೋಫಾದಲ್ಲಿ ಸಾಲಾಗಿ ಕೂತ ಐದು ಜನರಿಗೆ ಮಾತ್ರ ಸ್ಕೋಪ್ ಹೇಳಿ ಮಾಡಿಸಿದಂತಿದೆ. ಪಂಜು ಹಿಡಿದ ಜನ ಮನೆಗೆ ನುಗ್ಗುವ ದೃಶ್ಯದಲ್ಲಿ ಊರಿನ ಪಾತ್ರಗಳೆಲ್ಲ ಒಟ್ಟಿಗೆ ಕಾಣುವುದೂ ಈ ಅಗಲದ ಕೊಡುಗೆಯೇ.

ಹಳೆಯ ಬ್ಯಾಕ್‌ಗ್ರೌಂಡ್‌ಗಳನ್ನು ಹಿಗ್ಗಿಸಿ ಬಳಸುವ ಆಸೆ ಬೇಡ. ಅಮೆರಿಕದ ಹಳೆಯ ಟಿವಿ ಚಿತ್ರ 720×480 ಚುಕ್ಕಿಗಳದ್ದು, ಚಿತ್ರಮಂದಿರದ 2ಕೆ ಸ್ಕೋಪ್ 2048×858. ಟಿವಿಯಲ್ಲಿ ಕಾಣದಿದ್ದ ಗೆರೆಯ ನಡುಕ, ಬಣ್ಣ ಗೆರೆ ದಾಟಿದ್ದು, ಎರಡು ಚಿತ್ರಗಳ ನಡುವೆ ಕಣ್ಣಿನ ಗುಡ್ಡೆ ಒಂದು ಕೂದಲೆಳೆ ಸರಿದದ್ದು ಎಲ್ಲವೂ ಹತ್ತು, ಹನ್ನೆರಡು ಮೀಟರ್ ಪರದೆಯ ಮೇಲೆ ಎದ್ದು ಕಾಣುತ್ತವೆ. ಗೆರೆಯ ದಪ್ಪವನ್ನು ಕ್ಲೋಸ್‌ಅಪ್, ಮಧ್ಯಮ, ದೂರದ ಶಾಟ್‌ಗಳಿಗೆ ಮೊದಲೇ ನಿಗದಿಮಾಡಿ ಮಾದರಿ ಹಾಳೆಯಲ್ಲಿ ಬರೆದಿಡಬೇಕು. ಇಲ್ಲದಿದ್ದರೆ ಒಬ್ಬನೇ ಹೋಮರ್ ಎರಡು ಶಾಟ್‌ಗಳಲ್ಲಿ ಇಬ್ಬರಂತೆ ಕಾಣುತ್ತಾನೆ.

ಚಪ್ಪಟೆ ಬಣ್ಣವೂ ದೊಡ್ಡ ಪರದೆಯಲ್ಲಿ ಬರಿದೆನಿಸುತ್ತದೆ. ಸಿಂಪ್ಸನ್ಸ್ ಚಿತ್ರದಲ್ಲಿ ಪಾತ್ರಗಳ ಮೈಮೇಲೆ, ಟಿವಿಯಲ್ಲಿ ಸಾಮಾನ್ಯವಾಗಿ ಇರದ, ನೆರಳು ಬಂತು. ಟಿವಿ ಸರಣಿಯಿಂದಲೇ ಬಂದ 2022ರ ‘ಬಾಬ್ಸ್ ಬರ್ಗರ್ಸ್’ ಚಿತ್ರದಲ್ಲೂ ಅದೇ ಕ್ರಮ. ನೆರಳೆಂದರೆ ಪ್ರತಿ ಚಿತ್ರದ ಮೇಲೆ ಇನ್ನೊಂದು ಪದರ. ಬೆಳಕು ಯಾವ ಕಡೆಯಿಂದ ಎಂಬುದನ್ನು ಲೇಔಟ್‌ನಲ್ಲೇ ಬಾಣ ಹಾಕಿ ತೋರಿಸದಿದ್ದರೆ ಶಾಟ್‌ನಿಂದ ಶಾಟ್‌ಗೆ ಸೂರ್ಯ ಜಿಗಿಯುತ್ತಾನೆ. ಆದರೆ ಮುಖದ ಮೂಲ ವಿನ್ಯಾಸವನ್ನು ಮುಟ್ಟಬೇಡಿ. ಮೂಗಿಗೆ ಉಬ್ಬು, ಕೂದಲಿಗೆ ಎಳೆ ಸೇರಿಸಿದ ಕೂಡಲೇ ಇಪ್ಪತ್ತು ವರ್ಷದ ಪರಿಚಯ ಹರಿದುಹೋಗುತ್ತದೆ. ಬೆಳಕು, ಆಳ, ಜನಸಂದಣಿ, ಕ್ಯಾಮೆರಾ ಚಲನೆ ಇವಕ್ಕೆ ಹಣ ಹಾಕಿ.

ಚಲನೆಯಲ್ಲಿ ಒಂದು ತಾಂತ್ರಿಕ ತೊಡಕು ಇದೆ. ಸೆಕೆಂಡಿಗೆ 24 ಫ್ರೇಮ್. ಟಿವಿ ಕೆಲಸದಲ್ಲಿ ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಫ್ರೇಮ್ ಹಿಡಿಯುತ್ತಾರೆ, ಅಂದರೆ ಸೆಕೆಂಡಿಗೆ 12 ಚಿತ್ರ. ಹೀಗೆ ನಡೆಯುವ ಪಾತ್ರದ ಜೊತೆ ಕ್ಯಾಮೆರಾ ಪ್ರತಿ ಫ್ರೇಮಿಗೂ ಸರಿದರೆ ಹಿನ್ನೆಲೆ ನಯವಾಗಿ ಓಡುತ್ತದೆ, ಪಾತ್ರ ಹಿಂದಕ್ಕೆ ಜರಿಯುತ್ತ ನಡುಗುತ್ತದೆ. ಸಣ್ಣ ಪರದೆ ಇದನ್ನು ಮರೆಮಾಚುತ್ತದೆ, ದೊಡ್ಡದು ಮರೆಮಾಚುವುದಿಲ್ಲ. ಕ್ಯಾಮೆರಾ ಜೊತೆ ಸಾಗುವ ನಡಿಗೆ, ಓಟಗಳಿಗೆ 24 ಚಿತ್ರಗಳನ್ನೇ ಬರೆಯಬೇಕು. 87 ನಿಮಿಷಕ್ಕೆ 1,25,280 ಫ್ರೇಮ್‌ಗಳು, ಎಲ್ಲವನ್ನೂ ಹಾಗೆ ಬರೆಯಲಾಗದು. ಯಾವ ಶಾಟ್‌ಗೆ ಯಾವ ಲೆಕ್ಕ ಎಂಬುದು ಬೋರ್ಡ್ ಹಂತದಲ್ಲೇ ತೀರ್ಮಾನವಾಗಬೇಕು. ಕ್ಯಾಮೆರಾ ಅಡ್ಡ ಸರಿಯುವ ವೇಗಕ್ಕೂ ಮಿತಿ ಇದೆ. ಛಾಯಾಗ್ರಾಹಕರ ಹಳೆಯ ಲೆಕ್ಕದಂತೆ ಒಂದು ವಸ್ತು ಪರದೆಯ ಒಂದಂಚಿನಿಂದ ಇನ್ನೊಂದಂಚಿಗೆ ಸಾಗಲು ಸುಮಾರು 7 ಸೆಕೆಂಡ್ ಬೇಕು, ಅದಕ್ಕಿಂತ ವೇಗವಾದರೆ ಚಿತ್ರ ಕುಕ್ಕುತ್ತದೆ. ಟಿವಿಯ ಹಾಸ್ಯದಲ್ಲಿ ಕ್ಯಾಮೆರಾವನ್ನು ಸಟಕ್ಕನೆ ತಿರುಗಿಸಿ ನಗಿಸುವ ಅಭ್ಯಾಸವಿದೆ. ಚಿತ್ರದಲ್ಲಿ ಆ ಜಾಗಕ್ಕೆ ನೇರ ಕಟ್ ಕೊಡಿ, ಇಲ್ಲವೇ ನಡುವಿನ ಫ್ರೇಮ್‌ಗಳನ್ನು ಮಸುಕಾಗಿಸಿ.

ಸಂಗೀತದ ಬಗ್ಗೆ ಇಷ್ಟು ಸಾಕು: ಸರಣಿಗೆ 1990ರಿಂದ ಸಂಗೀತ ಕೊಡುತ್ತಿದ್ದ ಆಲ್ಫ್ ಕ್ಲಾಸೆನ್ ಬದಲು ಚಿತ್ರಕ್ಕೆ ಹಾನ್ಸ್ ಜಿಮ್ಮರ್ ಬಂದರು. ಡ್ಯಾನಿ ಎಲ್ಫ್‌ಮನ್‌ರ ಶೀರ್ಷಿಕೆ ರಾಗ ಉಳಿಯಿತು. ಟಿವಿಯ ತುಣುಕು ಸಂಗೀತ ಕೆಲವೇ ಸೆಕೆಂಡಿನದು, ಚಿತ್ರಕ್ಕೆ ಬೆಳೆಯುತ್ತ ಹೋಗುವ ರಾಗ ಬೇಕು. ಆದರೆ ಗುರುತಿನ ರಾಗವನ್ನು ಕಿತ್ತರೆ ಪ್ರೇಕ್ಷಕನಿಗೆ ಮನೆಯೇ ಸಿಗುವುದಿಲ್ಲ.

ಹಣ ಮತ್ತು ಜನ. ಸಿಂಪ್ಸನ್ಸ್ ಚಿತ್ರಕ್ಕೆ ಸುಮಾರು 7.5 ಕೋಟಿ ಡಾಲರ್ ವೆಚ್ಚ, ನಿಮಿಷಕ್ಕೆ ಹೆಚ್ಚುಕಡಿಮೆ 8.6 ಲಕ್ಷ. ಜಗತ್ತಿನಾದ್ಯಂತ ಗಳಿಕೆ 50 ಕೋಟಿ ಡಾಲರ್ ದಾಟಿತು. ಸೌತ್ ಪಾರ್ಕ್ 2.1 ಕೋಟಿಯಲ್ಲಿ ಮುಗಿದು 8 ಕೋಟಿಗೂ ಹೆಚ್ಚು ತಂದಿತು. ಬಾಬ್ಸ್ ಬರ್ಗರ್ಸ್ 3.8 ಕೋಟಿಯಲ್ಲಿ ತಯಾರಾಗಿ ಸುಮಾರು 3.4 ಕೋಟಿ ಗಳಿಸಿತು. ಅದು ಸೊಗಸಾದ ಚಿತ್ರ, ಕೋವಿಡ್‌ನಿಂದಾಗಿ ಎರಡು ವರ್ಷ ತಡವಾಗಿ ಬಂದದ್ದೂ ನಿಜ. ಆದರೆ ಮನೆಯೊಳಗಿನ ಸಣ್ಣ ಸ್ವರದ ಹಾಸ್ಯ ಸರಣಿಯ ಅಭಿಮಾನಿಗಳಾಚೆ ಟಿಕೆಟ್ ಮಾರುವುದು ಕಷ್ಟ ಎಂಬುದನ್ನು ನಿರ್ಮಾಪಕರು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅದಕ್ಕಿಂತ ಕಠಿಣವಾದದ್ದು ವೇಳಾಪಟ್ಟಿ. ಸರಣಿ ನಿಲ್ಲಿಸುವುದೋ, ಎರಡೂ ನಡೆಸುವುದೋ? ‘ಸ್ಪಾಂಜ್‌ಬಾಬ್’ ತಂಡ 2004ರ ಚಿತ್ರಕ್ಕಾಗಿ ಸರಣಿಯ ತಯಾರಿಕೆ ನಿಲ್ಲಿಸಿತು. ಸಿಂಪ್ಸನ್ಸ್ ನಿಲ್ಲಿಸಲಿಲ್ಲ. ಒಳ್ಳೆಯ ಬರಹಗಾರರನ್ನು ಚಿತ್ರಕ್ಕೆ ಎಳೆದರೆ ಸಂಚಿಕೆಗಳು ಸೊರಗುತ್ತವೆ, ಬಿಟ್ಟರೆ ಚಿತ್ರ ಸೊರಗುತ್ತದೆ. ಅವರು ಸರಣಿಯಿಂದ ಹೊರಹೋಗಿದ್ದ ಹಳಬರನ್ನು ಮರಳಿ ಕರೆದರು. ಮೊದಲ ವರ್ಷಗಳ ನಿರ್ದೇಶಕ ಡೇವಿಡ್ ಸಿಲ್ವರ್‌ಮನ್ ಕೂಡ ಪಿಕ್ಸಾರ್‌ನಲ್ಲಿ ಕೆಲಸ ಮಾಡಿ ಹಿಂದಿರುಗಿ ಈ ಚಿತ್ರ ನಿರ್ದೇಶಿಸಿದರು. ದನಿ ಕಲಾವಿದರ ಒಪ್ಪಂದವನ್ನು 2001ರಲ್ಲೇ, ಕಥೆಗೂ ಮುನ್ನ, ಮುಗಿಸಿಕೊಂಡಿದ್ದರು. ಚಿತ್ರಕಥೆ ತೃಪ್ತಿ ಕೊಡದಿದ್ದರೆ ಯಾವ ಹಂತದಲ್ಲಾದರೂ ಕೈಬಿಡುವ ಅವಕಾಶವನ್ನು ಸರಣಿಯ ಸೃಷ್ಟಿಕರ್ತ ಮ್ಯಾಟ್ ಗ್ರೇನಿಂಗ್ ಮತ್ತು ನಿರ್ಮಾಪಕ ಜೇಮ್ಸ್ ಬ್ರೂಕ್ಸ್ ಸ್ಟುಡಿಯೋದಿಂದ ಬರೆಸಿಕೊಂಡಿದ್ದರು. ಬಿಡುಗಡೆಯ ದಿನಾಂಕ ಮೊದಲು, ಕಥೆ ಆಮೇಲೆ ಎಂಬ ಕ್ರಮದಲ್ಲಿ ಎಷ್ಟೋ ಚಿತ್ರಗಳು ಕೆಡುತ್ತವೆ. ಆ ಒಂದು ಷರತ್ತಿನ ಬೆಲೆ ದೊಡ್ಡದು.

ಕೊನೆಯದಾಗಿ, ಚಿತ್ರ ಮುಗಿದ ಮೇಲೆ ಸರಣಿಗೆ ಮರಳುವ ದಾರಿ. ಸ್ಪಾಂಜ್‌ಬಾಬ್ ಚಿತ್ರದ ಕೊನೆಗೆ ನಾಯಕ ಹೊಸ ಅಂಗಡಿಯ ಮ್ಯಾನೇಜರ್ ಆಗುತ್ತಾನೆ, ಆಮೇಲಿನ ಸಂಚಿಕೆಗಳಲ್ಲಿ ಮತ್ತೆ ಅಡುಗೆಯವನೇ. ಸೃಷ್ಟಿಕರ್ತ ಸ್ಟೀಫನ್ ಹಿಲೆನ್‌ಬರ್ಗ್ ಆ ಚಿತ್ರವನ್ನು ಸರಣಿಯ ಮುಕ್ತಾಯವೆಂದು ಭಾವಿಸಿದ್ದರು, ವಾಹಿನಿ ಮುಂದುವರಿಸಿತು. ಸಿಂಪ್ಸನ್ಸ್ ಮಾಡಿದ್ದು ಬೇರೆ. 2007ರ ಸೆಪ್ಟೆಂಬರ್ 23ರಂದು ಬಂದ ಮುಂದಿನ ಸೀಸನ್ನಿನ ಮೊದಲ ಸಂಚಿಕೆಯ ಶೀರ್ಷಿಕೆ ದೃಶ್ಯದಲ್ಲಿ ಗುಮ್ಮಟದಿಂದ ಹಾಳಾದ ಊರು ದುರಸ್ತಿಯಾಗುತ್ತಿರುತ್ತದೆ, ಹಂದಿಯೂ ಕಾಣಿಸುತ್ತದೆ. ಅಷ್ಟರೊಳಗೆ ಚಿತ್ರದ ಲೆಕ್ಕ ಚುಕ್ತಾ, ಕಥೆ ಹಳೆಯ ಹಳಿಗೆ. ಚಿತ್ರಕಥೆಯ ಕರಡಿನ ಜೊತೆಗೇ ಆ ಮುಂದಿನ ಸಂಚಿಕೆಯ ಮೊದಲ ಎರಡು ನಿಮಿಷವನ್ನೂ ಬರೆದು ನೋಡಿ. ಬರೆಯಲು ಸಾಧ್ಯವೇ ಆಗದಿದ್ದರೆ ಚಿತ್ರದ ಅಂತ್ಯ ಸರಣಿಯನ್ನು ಕೊಂದಿದೆ. ಏನೂ ಬರೆಯಬೇಕಾಗಿಯೇ ಇಲ್ಲದಿದ್ದರೆ ಚಿತ್ರದಲ್ಲಿ ಏನೂ ನಡೆದಿಲ್ಲ, ಎಂಟು ಘಟ್ಟಗಳ ಆ ಪುಟವನ್ನು ಮತ್ತೆ ತೆರೆಯಿರಿ.